ಕೋಳಿಗೂಡಿಗೆ ಹೋದ ಕಿಟಕಿ

ಸವತಿ ಬಂದರೆ ಒಬ್ಬಳು ಬರಬಹುದು ಎಂದು ಯಾವ ಹೆಂಗಸಾದರೂ ಅಂದುಕೊಂಡಾಳು. ಈ ಮನೆಗೆ ನಾಲ್ವರು ಒಟ್ಟಿಗೆ ಬಂದರು. ಬಂದದ್ದೂ ಟಿವಿ ತಂದಿದ್ದ ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿ, ಉಸಿರಾಡಲು ಮೇಲೆ ತೂತು ಕೊರೆಸಿಕೊಂಡು. ಕರೆತಂದವಳು ಗಂಡನ ಒಡಹುಟ್ಟಿದ ತಂಗಿ.

"ಹೊಸ ಮನೆ ಮೂರನೇ ಮಹಡೀಲಿದೆ ಅತ್ತಿಗೆ, ಅಲ್ಲಿ ಕೋಳಿ ಎಲ್ಲಿ ಸಾಕ್ಲಿ? ನಿಮ್ಮ ಹಿತ್ತಲು ಸುಮ್ನೆ ಬಿದ್ದಿದೆ. ಅಣ್ಣನಿಗೂ ಹೊತ್ತು ಹೋಗುತ್ತೆ," ಎಂದು ನಾದಿನಿ ಪೆಟ್ಟಿಗೆಯನ್ನು ಬಾಗಿಲ ಬಳಿ ಇಳಿಸಿ, ಕೊಟ್ಟ ಕಾಫಿ ಕುಡಿದು, ಹಗುರಾಗಿ ಹೊರಟುಹೋದಳು.

ಅಣ್ಣನಿಗೆ ಹೊತ್ತು ಹೋಗಬೇಕಾಗಿತ್ತು, ಅದು ನಿಜ. ನಿವೃತ್ತನಾಗಿ ಏಳು ತಿಂಗಳಾಗಿತ್ತು. ಮೂವತ್ತನಾಲ್ಕು ವರ್ಷ ಕಟ್ಟಡಗಳ ನಕ್ಷೆ ಬರೆದ ಮನುಷ್ಯ. ಆಫೀಸಿನಲ್ಲಿ ಅವನನ್ನು ಎಲ್ಲರೂ ಅಡಿಕೋಲು ಎಂದೇ ಕರೆಯುತ್ತಿದ್ದರು. ಯಾರ ಮನೆಗೆ ಊಟಕ್ಕೆ ಹೋದರೂ ಮೇಜಿನ ಉದ್ದವನ್ನು ಗೇಣು ಹಾಕಿ ನೋಡುವ ಆಸಾಮಿ. ಅಂಥವನು ಏಳು ತಿಂಗಳಿಂದ ಒಂದೇ ಪೇಪರನ್ನು ಮೂರು ಸಲ ಓದಿ, ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಕುರ್ಚಿಗೆ ಓಡಾಡಿಕೊಂಡಿದ್ದ. ಪೆಟ್ಟಿಗೆಯಿಂದ ಮೊದಲ ಕೋಳಿ ಕತ್ತು ಹೊರಗೆ ಹಾಕಿ ಅವನನ್ನು ಒಂದೇ ಕಣ್ಣಿನಲ್ಲಿ ದಿಟ್ಟಿಸಿತೋ ಇಲ್ಲವೋ, ಅವನು ಎದ್ದು ಟೇಪು ಹುಡುಕಿದ.

ಮಧ್ಯಾಹ್ನ ಅವಳು ಹಿತ್ತಲಿಗೆ ಬಂದಾಗ ಗಂಡ ಮಂಡಿಯೂರಿ ಕೂತಿದ್ದ. ತೊಡೆಯ ಮೇಲೆ ಕೆಂಪು ಕೋಳಿ, ಕೈಯಲ್ಲಿ ಟೇಪು, ಕಿವಿಗೆ ಸಿಕ್ಕಿಸಿದ ಪೆನ್ಸಿಲು, ಪಕ್ಕದಲ್ಲಿ ಹೊಸ ನೋಟ್‌ಬುಕ್ಕು. ಪುಟದ ಮೇಲೆ ಕೋಳಿಗಳ ಹೆಸರು ಆಗಲೇ ಬಿದ್ದಿದ್ದವು: ಬಿಳಿ, ಕೆಂಪಿ, ಚುಕ್ಕಿ, ಎಲ್ಲಕ್ಕಿಂತ ದಪ್ಪಗಿದ್ದದ್ದಕ್ಕೆ ದೊಡ್ಡಮ್ಮ.

"ಏನ್ರೀ ಮಾಡ್ತಿದ್ದೀರಿ?"

"ಅಳತೆ ತಗೊಳ್ತಿದ್ದೀನಿ. ಬೆನ್ನು ಎಷ್ಟೆತ್ತರ, ರೆಕ್ಕೆ ಬಿಚ್ಚಿದ್ರೆ ಎಷ್ಟಗಲ, ಕೂತಾಗ ಕಣ್ಣು ಎಲ್ಲಿಗೆ ಬರುತ್ತೆ. ಯಾರಿಗೆ ಮನೆ ಕಟ್ತೀವೋ ಅವರ ಅಳತೆ ಗೊತ್ತಿಲ್ದೆ ಕಟ್ಟೋಕಾಗುತ್ತೇನೇ?"

"ಆಗಲ್ಲ, ಆಗಲ್ಲ," ಎಂದು ಅವಳು ಒಳಗೆ ಹೋದಳು.

ಒಳಗೆ ಹೋಗಿ ಸ್ಟೂಲು ಎಳೆದುಕೊಂಡಳು. ಅಡಿಗೆಮನೆಯ ಮೇಲಿನ ಶೆಲ್ಫು ಅವಳ ಕೈಗೆ ಎಟುಕುವುದಿಲ್ಲ. ಮನೆ ಕಟ್ಟಿ ಇಪ್ಪತ್ತೆರಡು ವರ್ಷವಾಯಿತು, ಬೇಳೆಯ ಡಬ್ಬಕ್ಕೆ ಸ್ಟೂಲು ಹತ್ತುತ್ತಾಳೆ, ಇಳಿಯುತ್ತಾಳೆ. ಒಮ್ಮೆ ಹೇಳಿ ನೋಡಿದ್ದಳು. "ಎಲ್ಲರ ಮನೇಲೂ ಇರೋ ಎತ್ತರ ಇದೇ ಕಣೇ," ಎಂದು ಅವನು ಎಲ್ಲರ ಪರವಾಗಿ ಉತ್ತರ ಕೊಟ್ಟಿದ್ದ.

ಶೆಲ್ಫಿನ ಮಾತು ಬಿಡಿ, ಅದು ಸಣ್ಣದು. ಆ ಅಡಿಗೆಮನೆಗೆ ಕಿಟಕಿಯೇ ಇರಲಿಲ್ಲ.

ನಕ್ಷೆಯಲ್ಲಿತ್ತು. ಮನೆಯ ನಕ್ಷೆಯನ್ನು ಬರೆದವನು ಅವನೇ, ಹಿತ್ತಲ ಕಡೆಯ ಗೋಡೆಯಲ್ಲಿ ಚೆಂದದ ಕಿಟಕಿ ಬರೆದಿದ್ದ. ಆದರೆ ಗಾರೆಯವನ ಜೇಬಿನಲ್ಲಿ ತಿಂಗಳುಗಟ್ಟಲೆ ಮಡಚಿಕೊಂಡಿದ್ದ ಆ ಕಾಗದದಲ್ಲಿ ಮಡಿಕೆ ಸರಿಯಾಗಿ ಆ ಕಿಟಕಿಯ ಮೇಲೇ ಬಿದ್ದು, ಗೆರೆ ಸವೆದುಹೋಗಿತ್ತು. ಗಾರೆಯವನಿಗೆ ಕಂಡದ್ದು ಬರೀ ಗೋಡೆ. ಬರೀ ಗೋಡೆ ಎಬ್ಬಿಸಿದ. ಸಂಜೆ ಆಫೀಸಿನಿಂದ ಬಂದ ಗಂಡ ಗೋಡೆ ನೋಡಿ, ನಕ್ಷೆ ನೋಡಿ, "ನಕ್ಷೇಲಿ ಇದೆಯಲ್ಲ, ಆಮೇಲೆ ಒಡೆಸಿದ್ರಾಯ್ತು," ಎಂದ. ಅವನ ಮಟ್ಟಿಗೆ ಕಾಗದದಲ್ಲಿ ಇದ್ದದ್ದು ಇದ್ದಂತೆಯೇ. ಮೊದಲೇ ಮಾಡಿಸಿಟ್ಟಿದ್ದ ಸಾಗುವಾನಿ ಚೌಕಟ್ಟನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು.

ಆ ಆಮೇಲೆ ಎನ್ನುವುದು ಬರಲೇ ಇಲ್ಲ. ಅತ್ತೆಯ ಕಾಯಿಲೆ, ಮಗಳ ಬಾಣಂತನ, ಸುಣ್ಣಬಣ್ಣ, ಮತ್ತೆ ಮಳೆಗಾಲ. ವರ್ಷಕ್ಕೊಂದು ಸಲ ಅವಳು ಕೇಳಿದಳು, ವರ್ಷಕ್ಕೊಂದು ನೆಪ ಸಿಕ್ಕಿತು. ಒಂದು ವರ್ಷ "ಆ ಗೋಡೆ ಮೇಲೆ ಭಾರ ಇದೆ ಕಣೇ, ಕೈ ಹಾಕಬಾರದು," ಎಂದ. ಅಲ್ಲಿಗೆ ಅವಳು ಕೇಳುವುದನ್ನು ಬಿಟ್ಟಳು. ಎಂಟು ವರ್ಷದಿಂದ ಆಫೀಸಿಗೆ ಹೋಗುವವರಿಗೆ ಊಟದ ಡಬ್ಬಿ ಕೊಡುತ್ತಿದ್ದಾಳೆ, ದಿನಕ್ಕೆ ಹನ್ನೊಂದು ಡಬ್ಬಿ. ಬೆಳಗ್ಗೆ ಐದರಿಂದ ಹನ್ನೊಂದರ ತನಕ ಆ ಪೆಟ್ಟಿಗೆಯಂಥ ಕೋಣೆಯಲ್ಲಿ, ಹೊರಗೆ ಬಿಸಿಲು ಸುರಿಯುತ್ತಿದ್ದರೂ ಬಲ್ಬು ಹಾಕಿಕೊಂಡು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಾಳೆ. ಒಗ್ಗಿಹೋಗಿತ್ತು ಎಂದರೂ ಸರಿ. ಕೋಳಿಗಳು ಬರದಿದ್ದರೆ ಹಾಗೇ ಕಾಲ ಹಾಕಿಬಿಡುತ್ತಿದ್ದಳೇನೋ.

ಆದರೆ ಗೂಡಿನ ನಕ್ಷೆ ಊಟದ ಮೇಜಿನ ಮೇಲೆ ಹರಡಿಕೊಂಡಿತು. ತಟ್ಟೆ ಇಡಲೂ ಜಾಗವಿಲ್ಲ. ಎಂಟಡಿ ಉದ್ದ, ಐದಡಿ ಅಗಲ, ಒಳಗೆ ನಿಂತು ಗುಡಿಸಲು ಅನುಕೂಲವಾಗಲೆಂದು ಆರಡಿ ಎತ್ತರ. ಅವನು ತುತ್ತು ಬಾಯಿಗಿಡುತ್ತ ವಿವರಿಸುತ್ತಿದ್ದ.

"ಕೂರೋ ಕೋಲು ದುಂಡಗಿರಬಾರದು, ಎರಡು ಇಂಚು ಅಗಲ ಇರಬೇಕು. ಆಗ ಅವು ಎದೆಯಿಂದ ಪಾದ ಮುಚ್ಕೊಂಡು ಮಲಗ್ತವೆ, ಕಾಲು ತಣ್ಣಗಾಗಲ್ಲ."

"ಹೌದಾ. ಪಾಪ."

"ಸೂರಿನ ಕೆಳಗೆ ಎರಡೂ ಕಡೆ ಜಾಲರಿ. ಬಿಸಿಗಾಳಿ ಮೇಲಿಂದ ಹೊರಗೆ ಹೋಗಬೇಕು, ಆದ್ರೆ ಮಲಗಿದಾಗ ಗಾಳಿ ನೇರ ಮೈಮೇಲೆ ಬೀಸಬಾರದು. ಗಾಳಿ ಆಡದೇ ಇದ್ರೆ ಅವಕ್ಕೆ ಎದೆ ಕಟ್ಟುತ್ತೆ. ತುಂಬ ಸೂಕ್ಷ್ಮ ಜೀವ."

ಅವಳ ಎದೆ ಕಟ್ಟಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕುತ್ತ ಅವಳು ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಕೇಳದೆಯೇ ಬಡಿಸಿದಳು, ಅದೂ ತುಸು ಜೋರಾಗಿ. ಸೂಕ್ಷ್ಮ ಜೀವವಂತೆ. ಕೋಳಿಯ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ತನ್ನನ್ನೇ ಗದರಿಸಿಕೊಂಡಳು. ಪಡುತ್ತಾರೆ. ಅವಳು ಪಡುತ್ತಿದ್ದಳು, ಹೊಟ್ಟೆಯೊಳಗೆ ಕೆಂಡ ಇಟ್ಟಂತೆ ಪಡುತ್ತಿದ್ದಳು, ಅದರಲ್ಲೂ ಆ ದೊಡ್ಡಮ್ಮನ ಮೇಲೆ. ಅದು ಅವನ ಕಾಲಿನ ಸುತ್ತ ಸುತ್ತಿ ಕೊಕ್ಕೊಕ್ಕೋ ಎಂದರೆ ಸಾಕು, ಅವನು "ಏನಮ್ಮಾ, ಏನು ಬೇಕು?" ಎಂದು ಬಗ್ಗುತ್ತಿದ್ದ. ಆ ದನಿಯಲ್ಲಿ ಅವನು ಅವಳನ್ನು ಕೊನೆಯ ಸಲ ಮಾತಾಡಿಸಿದ್ದು ಮಗಳು ಹುಟ್ಟಿದಾಗ.

ಗೂಡು ಎಲ್ಲಿ ಬರಬೇಕು ಎಂಬ ಪ್ರಶ್ನೆಗೆ ಅವನು ಮೂರು ದಿನ ಹಿತ್ತಲಲ್ಲಿ ಸುತ್ತಿದ. ನಾಲ್ಕನೇ ದಿನ ಬೆಳಗ್ಗೆ ಅವಳು ಬೆವರು ಸುರಿಸಿಕೊಂಡು ಡಬ್ಬಿ ತುಂಬುತ್ತಿದ್ದಾಗ ಅವನು ಕುಣಿದುಕೊಂಡು ಒಳಗೆ ಬಂದ.

"ಬಾ ಇಲ್ಲಿ, ಹೊರಗಡೆಯಿಂದ ಈ ಗೋಡೆ ಮುಟ್ಟಿ ನೋಡು. ಎಷ್ಟು ಬೆಚ್ಚಗಿದೆ! ನಿನ್ನ ಒಲೆ ಶಾಖ ಎಲ್ಲಾ ಗೋಡೆಗೆ ಇಳಿದಿದೆ. ಗೂಡನ್ನ ಇದಕ್ಕೇ ಆನಿಸಿ ಕಟ್ಟಿದ್ರೆ ಒಂದು ಗೋಡೆ ಉಳಿಯುತ್ತೆ, ಚಳಿಗಾಲದಲ್ಲಿ ಅವೂ ಬೆಚ್ಚಗಿರ್ತವೆ."

ಅವಳು ಕೈ ಒರೆಸಿಕೊಂಡು ಹೋಗಿ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಒಳಗಿನಿಂದ ಅದೇ ಗೋಡೆ ಎಷ್ಟು ಬಿಸಿಯಿರುತ್ತದೆಂದು ಅವನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಇನ್ನೊಂದು ಮಾತೂ ಅವಳಿಗೆ ಆಗಲೇ ಹೊಳೆಯಿತು: ಆ ಗೋಡೆಗೆ ಗೂಡು ಆನಿಸಿದರೆ ತನ್ನ ಕಿಟಕಿಯ ಕಥೆ ಮುಗಿದಂತೆಯೇ. ಹೇಳಲು ಬಾಯಿ ತೆರೆದಳು. ಅವನು ಆಗಲೇ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆಯುತ್ತಿದ್ದ, ದೊಡ್ಡಮ್ಮ ಗೆರೆಯ ಪಕ್ಕದಲ್ಲೇ ಮೇಸ್ತ್ರಿಯ ಹಾಗೆ ನಡೆದುಬರುತ್ತಿತ್ತು. ಅವಳು ಡಬ್ಬಿ ತುಂಬಲು ಒಳಗೆ ಹೋದಳು.

ಗಾರೆಯವನು ಹಳಬನೇ, ಈಗ ತಲೆ ಬೆಳ್ಳಗಾಗಿತ್ತು. ಅವನು ಬಂದು ಇಟ್ಟಿಗೆ ಇಳಿಸಿದ ದಿನ ಗಂಡ ನಕ್ಷೆಯನ್ನು ಅವನ ಮುಂದೆ ಬಿಚ್ಚಿ ಹಿಡಿದು, "ನೋಡಪ್ಪ, ಈ ಸಲ ಕಿಟಕಿ ಮರೀಬೇಡ," ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಬಾಗಿಲಲ್ಲಿ ಇಬ್ಬರಿಗೂ ನೀರಿನ ಚೊಂಬು ಹಿಡಿದು ನಿಂತಿದ್ದಳು. ನೀರನ್ನು ಗಿಡಕ್ಕೆ ಸುರಿದು ಒಳಗೆ ಹೋದಳು.

ಮೂರು ವಾರದಲ್ಲಿ ಗೂಡು ಎದ್ದಿತು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು, ಗೂಡು ಸುಂದರವಾಗಿತ್ತು. ನೆಲ ಒಂದಡಿ ಎತ್ತರಿಸಿ ಗಾರೆ ಹಾಕಿದ್ದರು. ಇಲಿ ನುಗ್ಗದ ಸಣ್ಣ ಕಣ್ಣಿನ ಜಾಲರಿ, ಇಳಿಜಾರು ತಗಡಿನ ಸೂರು, ಮೊಟ್ಟೆ ಇಡಲು ಒಂದಡಿ ಚೌಕದ ಎರಡು ಮರದ ಗೂಡುಗಳು, ಅವಕ್ಕೆ ಮರೆಯಾಗಲೆಂದು ಪುಟ್ಟ ಪರದೆ. ಪರದೆಗೆ ಅವಳದೇ ಹಳೆಯ ಸೀರೆ, ಕೇಳದೆ ಕತ್ತರಿಸಿದ್ದು. ಪೂರ್ವದ ಗೋಡೆಯಲ್ಲಿ ಮಾತ್ರ ದೊಡ್ಡದೊಂದು ಚೌಕದ ಜಾಗ ಖಾಲಿ ಬಿಟ್ಟಿದ್ದರು.

ಆ ಜಾಗ ಯಾಕೆ ಎಂದು ಅವಳಿಗೆ ತಿಳಿದದ್ದು ಒಂದು ಶುಕ್ರವಾರ. ಡಬ್ಬಿ ಕಳಿಸಿ ಹಿಂದಿರುಗಿದರೆ ನಡುಮನೆಯಲ್ಲಿ ಏಣಿ, ಅಟ್ಟದ ಬಾಗಿಲು ತೆರೆದಿದೆ, ನೆಲದ ತುಂಬ ಗೋಣಿಚೀಲದ ಧೂಳು. ಹಿತ್ತಲಿಗೆ ಓಡಿದಳು. ಗಾರೆಯವನು ಅವಳ ಕಿಟಕಿಯನ್ನು ಕೋಳಿಗೂಡಿಗೆ ಕೂರಿಸಿ ಸಂದಿಗೆ ಸಿಮೆಂಟು ಮೆತ್ತುತ್ತಿದ್ದ.

"ನೋಡಿದ್ಯಾ, ಹುಳ ಹಿಡಿದೇ ಇಲ್ಲ," ಎಂದ ಗಂಡ, ಚೌಕಟ್ಟನ್ನು ತಟ್ಟುತ್ತ. "ಸುಮ್ನೆ ಅಟ್ಟದಲ್ಲಿ ಕೊಳೀತಿತ್ತು. ಬೆಳಗ್ಗೆ ಎಳೆಬಿಸಿಲು ಸೀದಾ ಒಳಗೆ ಬರುತ್ತೆ. ಬಿಸಿಲು ಬಿದ್ರೆ ಮೊಟ್ಟೆ ಚೆನ್ನಾಗಿ ಇಡ್ತವೆ."

ಅವಳ ಮೈಯೆಲ್ಲ ಉರಿದುಹೋಯಿತು. ಕೂಗಾಡಿದ್ದರೆ ಚೆನ್ನಾಗಿತ್ತು, ಅವನಿಗೂ ಸುಲಭವಾಗುತ್ತಿತ್ತು. ಆದರೆ ಅವಳು ಕಿಟಕಿಯನ್ನೇ ನೋಡುತ್ತ ನಿಂತಳು. ಮೂವತ್ತರ ವಯಸ್ಸಿನಲ್ಲಿ ಆ ಚೌಕಟ್ಟನ್ನು ಕೈಯಿಂದ ಸವರಿ, ಇದರ ಹತ್ತಿರ ನಿಂತು ಹಾಲು ಕಾಯಿಸುತ್ತೇನೆ ಎಂದುಕೊಂಡಿದ್ದವಳು ಅವಳು. ಈಗ ಅದರ ಹತ್ತಿರ ದೊಡ್ಡಮ್ಮ ನಿಂತಿತ್ತು, ಎತ್ತರ ಸರಿಯಾಗಿದೆಯೇ ಎಂದು ಕತ್ತು ಚಾಚಿ ಪರೀಕ್ಷೆ ಮಾಡುತ್ತಿತ್ತು. ಸರಿಯಾಗಿಯೇ ಇತ್ತು. ಅಳತೆ ತೆಗೆದು ಕೂರಿಸಿದ್ದಲ್ಲವೇ.

ಸಿಮೆಂಟು ಒಣಗಲು ಮೂರು ದಿನ ಬಿಟ್ಟರು. ಸೋಮವಾರ ಮಧ್ಯಾಹ್ನ, ಡಬ್ಬಿಗಳೆಲ್ಲ ಹೋದಮೇಲೆ, ಗಂಡ ಹಾಸಲು ಒಣಹುಲ್ಲು ತರುತ್ತೇನೆಂದು ಹೊರಟ. ತಿರುಗಿ ಬರಲು ಅವನಿಗೆ ಎರಡು ಗಂಟೆ ಬೇಕಾಯಿತು. ಅವಳಿಗೆ ಅಷ್ಟೇ ಸಾಕಾಯಿತು.

ಹುಲ್ಲಿನ ಚೀಲ ಹೊತ್ತು ಹಿತ್ತಲಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಗೂಡಿನೊಳಗೆ ಒಲೆ ಉರಿಯುತ್ತಿತ್ತು. ಮೂಲೆಯಲ್ಲಿ ಸಿಲಿಂಡರು. ಎರಡು ಇಂಚು ಅಗಲದ ಕೋಲಿನ ಮೇಲೆ ಸೌಟುಗಳು ಸಾಲಾಗಿ ನೇತಾಡುತ್ತಿದ್ದವು, ಮೊಟ್ಟೆಯ ಗೂಡುಗಳಲ್ಲಿ ಉಪ್ಪು ಮೆಣಸಿನ ಡಬ್ಬಗಳು ಕೂತಿದ್ದವು. ಕಿಟಕಿಯ ಪಕ್ಕದಲ್ಲಿ ಅವಳು ನಿಂತು ಈರುಳ್ಳಿ ಹುರಿಯುತ್ತಿದ್ದಳು.

"ಏನೇ ಇದು?"

"ಅಡಿಗೆ."

"ಕೋಳಿಗಳೆಲ್ಲಿ?"

ಅವನಿಗೆ ಮೊದಲು ನೆನಪಾದದ್ದು ಅವೇ. ಅವಳು ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ. "ನನ್ನ ಜಾಗದಲ್ಲಿ," ಎಂದಳು.

ಅವನು ಒಳಗೆ ಓಡಿದ. ಹೊರಗೆ ಬಂದು ಏನೋ ಹೇಳಲು ಹೋದ. ಹೆಂಡತಿಯ ಮುಖ ನೋಡಿ ಹುಲ್ಲಿನ ಚೀಲ ಹೊತ್ತು ಮತ್ತೆ ಒಳಗೆ ಹೋದ. ಎರಡು ದಿನದಲ್ಲಿ ಹುಚ್ಚು ಇಳಿಯುತ್ತದೆ ಎಂದುಕೊಂಡಿರಬೇಕು.

ಹುಚ್ಚು ಇಳಿಯಲಿಲ್ಲ. ಮರುದಿನ ಬೆಳಗ್ಗೆ ಹನ್ನೊಂದು ಡಬ್ಬಿಯೂ ಗೂಡಿನಲ್ಲೇ ತಯಾರಾದವು. ಎಳೆಬಿಸಿಲು ಅವನು ಹೇಳಿದಂತೆಯೇ ಸೀದಾ ಒಳಗೆ ಬಂದು ಅಕ್ಕಿಯ ಮೊರದ ಮೇಲೆ ಬಿತ್ತು. ಕಲ್ಲು ತಾವಾಗಿ ಎದ್ದು ಕಂಡವು. ಹೊಗೆ ಸೂರಿನ ಜಾಲರಿಯಿಂದ ಹೊರಗೆ ಹೋಯಿತು. ಕತ್ತಿನ ಬೆವರು ಇಳಿಯುವ ಮೊದಲೇ ಆರಿತು. ಪಕ್ಕದ ಮನೆಯವರು ಒಣಹಾಕಿದ ಬಟ್ಟೆ, ಗೋಡೆಯ ಮೇಲೆ ನಡೆಯುವ ಬೆಕ್ಕು, ದೂರದಲ್ಲಿ ಯಾರೋ ಸೈಕಲ್ಲಿನಲ್ಲಿ ಹೋಗುವುದು, ಎಲ್ಲವೂ ಕಾಣುತ್ತಿತ್ತು. ಇಷ್ಟು ಸುಖ ಸಿಕ್ಕಮೇಲೆ ಹೊಟ್ಟೆಕಿಚ್ಚು ಆರಬೇಕಿತ್ತು. ಅದು ಎರಡರಷ್ಟಾಯಿತು. ಇದು ಹೇಗಿರುತ್ತದೆಂದು ಗೊತ್ತಿಲ್ಲದಿದ್ದಾಗ ಅವಳು ಬರೀ ಒಂದು ಕಿಟಕಿಗಾಗಿ ಸಂಕಟಪಟ್ಟಿದ್ದಳು. ಈಗ ಇಪ್ಪತ್ತೆರಡು ವರ್ಷದ ಒಂದೊಂದು ಬೆಳಗಿಗೂ ಸಂಕಟಪಟ್ಟಳು. ಅದನ್ನೆಲ್ಲ ಅವನು ಮೂರೇ ವಾರದಲ್ಲಿ ಕಟ್ಟಬಲ್ಲವನಾಗಿದ್ದ. ಕಟ್ಟಿದ್ದು ಅವುಗಳಿಗೆ.

ಬೆಕ್ಕಿನ ಭಯಕ್ಕೆ ಹಿತ್ತಲಿಗೆ ಬಿಡದೆ, ಗಂಡ ಅಡಿಗೆಮನೆಯಲ್ಲೇ ಕೋಳಿಗಳ ಸೇವೆಗೆ ನಿಂತ. ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಮೊದಲ ದಿನ ಅವು ಶೆಲ್ಫು ಹತ್ತಿ ಇಳಿದವು. ಎರಡನೇ ದಿನ ಮೂಲೆ ಹಿಡಿದವು, ಕಾಳು ಮುಟ್ಟಲಿಲ್ಲ. ಅವನು ಮಲಗುವ ಕೋಣೆಯ ಟೇಬಲ್ ಫ್ಯಾನನ್ನು ತಂದು ಅಡಿಗೆಮನೆಯ ನೆಲದ ಮೇಲಿಟ್ಟ. ಆ ಫ್ಯಾನು ನಾಲ್ಕಡಿ ಆಚೆಯ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಇತ್ತು, ಒಮ್ಮೆಯೂ ಆ ಹೊಸ್ತಿಲು ದಾಟಿರಲಿಲ್ಲ. ಹಿತ್ತಲ ಬಾಗಿಲಿನಿಂದ ಅದನ್ನು ನೋಡಿದ ಅವಳು ಹಲ್ಲು ಕಚ್ಚಿಕೊಂಡು ಹೋಗಿ ಪಾತ್ರೆ ತಿಕ್ಕಿದಳು. ಆ ದಿನ ಪಾತ್ರೆಗಳು ಕನ್ನಡಿಯಂತಾದವು.

ಮೂರನೇ ದಿನ ನಾದಿನಿ ಹೊಸ ಗೂಡು ನೋಡಲು ಬಂದಳು. ಹಿತ್ತಲಿಗೆ ಹೋಗುವ ದಾರಿಯಲ್ಲಿ ಅಡಿಗೆಮನೆಗೆ ಇಣುಕಿದವಳು ಅಲ್ಲೇ ನಿಂತಳು. ಅತ್ತಿಗೆ ಗೂಡಿನಿಂದ ಸೌಟು ಹಿಡಿದೇ ಬಂದು ಬಾಗಿಲ ಹತ್ತಿರ ನಿಂತಳು.

"ಅಣ್ಣಾ, ಯಾಕೆ ಕೋಳಿಗಳು ಇಲ್ಲಿವೆ? ಯಾಕೆ ಹೀಗೆ ಬಾಯಿ ಬಿಟ್ಕೊಂಡು ಉಸಿರಾಡ್ತಿವೆ?"

ನೆಲದ ಮೇಲೆ ಕೂತು ದೊಡ್ಡಮ್ಮನ ಕೊಕ್ಕಿಗೆ ನೀರು ಮುಟ್ಟಿಸುತ್ತಿದ್ದ ಅಡಿಕೋಲು ತಲೆ ಎತ್ತಿದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೂರು ದಿನದ ಸಿಟ್ಟೆಲ್ಲ ಒಟ್ಟಿಗೆ ಹೊರಗೆ ಬಂತು.

"ಇನ್ನೇನಾಗುತ್ತೆ? ನೋಡು ಈ ಕೋಣೇನ. ಗಾಳಿ ಇಲ್ಲ, ಬೆಳಕಿಲ್ಲ. ಒಲೆ ಹಚ್ಚದೇನೇ ಹೀಗೆ ಬೇಯ್ತಿದೆ. ಇದರೊಳಗೆ ಒಂದು ಜೀವ ಇರೋಕಾಗುತ್ತಾ?"

ನಾದಿನಿ ತಿರುಗಿ ಅತ್ತಿಗೆಯ ಮುಖ ನೋಡಿದಳು.

"ಇತ್ತಲ್ಲ," ಎಂದಳು ಅವಳು. "ಇಪ್ಪತ್ತೆರಡು ವರ್ಷ ಇತ್ತು."

ನಾದಿನಿ ಕಾಫಿಗೆ ಕಾಯಲಿಲ್ಲ. "ಬರ್ತೀನಿ ಅತ್ತಿಗೆ," ಎಂದು ಅವಳ ಕೈ ಒಮ್ಮೆ ಒತ್ತಿ ಹೊರಟಳು. ಗಂಡ ಎದ್ದು ಅವಳ ಸ್ಟೂಲಿನ ಮೇಲೆ ಕೂತ. ಮಸಿ ಹಿಡಿದ ಗೋಡೆಯನ್ನು, ಮೇಲಿನ ಶೆಲ್ಫನ್ನು, ಹಗಲಿನಲ್ಲೂ ಉರಿಯುತ್ತಿದ್ದ ಬಲ್ಬನ್ನು ನೋಡಿದ. ಆಮೇಲೆ ಎದ್ದು ಅಂಗೈಯನ್ನು ಗೋಡೆಗೆ ಇಟ್ಟ, ಈ ಸಲ ಒಳಗಿನಿಂದ.

"ಗೂಡನ್ನ ಕಾಂಪೌಂಡಿನ ಕಡೆಗೆ ಸರಿಸ್ತೀನಿ," ಎಂದ. "ಚೌಕಟ್ಟು ಬಿಚ್ಚಿ ಇಲ್ಲಿಗೆ ತರ್ತೀನಿ. ಇರು, ಹಳೇ ನಕ್ಷೆ ತಗೊಂಡು..."

"ನಕ್ಷೆ ಬೇಡ."

"ಮತ್ತೆ ಎಲ್ಲಿಗೆ ಒಡೀಬೇಕು ಅಂತ ಹೇಗೆ ಗೊತ್ತಾಗುತ್ತೆ?"

ಕೇಳಿದವನು ತಾನೇ ತಡೆದುಕೊಂಡ. ಕಿವಿ ಕೆಂಪಾಯಿತು. ಹೋಗಿ ನಕ್ಷೆ ತರಲಿಲ್ಲ, ಟೇಪು ತಂದ. "ಒಲೆ ಹತ್ರ ನಿಲ್ತೀಯಲ್ಲ, ಹಾಗೆ ನಿಲ್ಲು," ಎಂದ.

ಒಲೆ ಹೊರಗೆ ಗೂಡಿನಲ್ಲಿತ್ತು. ಅವಳು ಅದು ಇದ್ದ ಜಾಗದ ಮುಂದೆ, ಬಿಳಿ ಮತ್ತು ಚುಕ್ಕಿಯ ನಡುವೆ ನಿಂತಳು. ಅವನು ಬಗ್ಗಿ ಟೇಪಿನ ತುದಿಯನ್ನು ಅವಳ ಹಿಮ್ಮಡಿಯ ಪಕ್ಕ ಒತ್ತಿ ಹಿಡಿದು, ನಿಧಾನವಾಗಿ ಎದ್ದು, ಅವಳ ಕಣ್ಣಿನ ಮಟ್ಟಕ್ಕೆ ಬಂದು ನಿಂತ. ಅಷ್ಟು ಹತ್ತಿರದಿಂದ ಅವನು ಅವಳ ಕಣ್ಣು ನೋಡಿ ಬಹಳ ವರ್ಷವಾಗಿತ್ತು. ಹೊಗೆಗೆ ಕೆಂಪಾಗಿ ಕೆಂಪಾಗಿ ಆ ಕಣ್ಣಂಚು ಕೆಂಪಾಗಿಯೇ ಉಳಿದಿತ್ತು. ಗೋಡೆಯ ಮಸಿಯ ಮೇಲೆ ಅವನು ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ ಎಳೆದ.

"ನಾಲ್ಕಡಿ ನಾಲ್ಕಿಂಚು," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ನಕ್ಷೇಲಿ ನಾನು ಕಿಟಕಿ ಕೆಳಗಂಚನ್ನೇ ನಾಲ್ಕೂವರೆ ಅಡಿಗೆ ಬರೆದಿದ್ದೆ. ಅವತ್ತು ಕಟ್ಟಿದ್ರೂ ನಿನಗೆ ಹಿತ್ತಲು ಕಾಣ್ತಿರಲಿಲ್ಲ," ಎಂದ.

ಅವಳು ಆ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

ಅವನು ನೋಟ್‌ಬುಕ್ಕು ತೆರೆದು ಕಿವಿಯಿಂದ ಪೆನ್ಸಿಲು ತೆಗೆದ. ಅವಳು ಅವನ ಭುಜದ ಪಕ್ಕದಿಂದ ಇಣುಕಿದಳು. ಬಿಳಿ, ಕೆಂಪಿ, ಚುಕ್ಕಿ, ದೊಡ್ಡಮ್ಮ. ದೊಡ್ಡಮ್ಮನ ಕೆಳಗೆ ಒಂದು ಸಾಲು ಖಾಲಿ ಇತ್ತು, ಪೆನ್ಸಿಲು ಅಲ್ಲಿಗೆ ಇಳಿಯುತ್ತಿತ್ತು. ಅವಳು ಆ ಸಾಲಿನ ಮೇಲೆ ಅಂಗೈ ಅಡ್ಡ ಇಟ್ಟಳು.

"ಹೊಸ ಹಾಳೆ ತೆಗೀರಿ," ಎಂದಳು.

ಅವನು ಪುಟ ತಿರುಗಿಸಿದ. ಮೇಲೆ ಅವಳ ಹೆಸರು ಬರೆದು, ಕೆಳಗೆ ಗೆರೆ ಎಳೆದು, "ಕೈ ಎತ್ತು," ಎಂದ. "ಶೆಲ್ಫು ಎಲ್ಲಿಗೆ ಬರಬೇಕು ನೋಡೋಣ."